ಸಿಬಿಡಿ ಎಣ್ಣೆ: ಬೆಳೆಯುವ ಮೆದುಳಿಗೆ ಕೊಡಬಹುದಾ?

ಗಾಂಜಾ ಗಿಡ ಅಂದ ಕೂಡಲೇ ನಮಗೆ ನೆನಪಾಗುವುದು ಮತ್ತು. ಆ ಮತ್ತು ಬರಿಸುವುದು ಟಿಎಚ್‌ಸಿ ಎಂಬ ಒಂದು ಪದಾರ್ಥ. ಅದೇ ಗಿಡದಲ್ಲಿ ಕ್ಯಾನಬಿಡಿಯಾಲ್ ಅಂತ ಇನ್ನೊಂದಿದೆ. ಎಲ್ಲರೂ ಕರೆಯುವುದು ಸಿಬಿಡಿ ಎಂದು. ಇದರಿಂದ ಮತ್ತು ಬರುವುದಿಲ್ಲ. ಮಕ್ಕಳ ಕೆಲವು ಕಷ್ಟದ ಫಿಟ್ಸ್‌ಗೆ ಇದು ಔಷಧಿಯಾಗಿ ಬಂದಿದೆ. ನಿದ್ದೆಗೆ, ಆತಂಕಕ್ಕೆ, ಮಂಡಿನೋವಿಗೆ ಅಂತ ಎಣ್ಣೆಯ ರೂಪದಲ್ಲಿ ಆನ್‌ಲೈನ್ ಅಂಗಡಿಗಳಿಗೂ ಬಂದಿದೆ. ಮೆದುಳು ತಾಯಿಯ ಹೊಟ್ಟೆಯೊಳಗಿನಿಂದ ಹಿಡಿದು ಇಪ್ಪತ್ತು ವಯಸ್ಸು ದಾಟುವವರೆಗೂ ಬೆಳೆಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಸಿಬಿಡಿ ಸುರಕ್ಷಿತ ಅನ್ನಬಹುದೇ? ಇಬ್ಬರು ಬರೆದಿದ್ದಾರೆ. ಎರಡನೆಯವರು ಬರೆದದ್ದು ಮೊದಲನೆಯವರದನ್ನು ಓದಿದ ಮೇಲೆ.

ಪರ: ಫಿಟ್ಸ್ ಕಾಯುತ್ತಾ ಕೂರುವುದಿಲ್ಲ

ನನ್ನ ಅಕ್ಕನ ಮಗನಿಗೆ ಏಳು ತಿಂಗಳಿದ್ದಾಗ ಜ್ವರ ಬಂತು. ಅದರ ಬೆನ್ನಿಗೇ ಫಿಟ್ಸ್ ಬಂತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಒಂದು ಕಡೆಯ ಕೈಕಾಲು ಸೆಟೆದು ಅದುರತೊಡಗಿದವು. ನಮ್ಮಮ್ಮ ಕೈಗೆ ಕೊಡಲು ಕಬ್ಬಿಣದ ಬೀಗದ ಕೈ ಹುಡುಕಿಕೊಂಡು ಓಡಿದರು. ಯಾರೋ ಈರುಳ್ಳಿ ಮೂಸಿಸಿ ಅಂದರು. ನಾನು ಗಡಿಯಾರ ನೋಡುತ್ತಾ ನಿಂತಿದ್ದೆ. ಆರು ನಿಮಿಷ. ಆಮೇಲೂ ಎಷ್ಟೋ ಸಲ ಬಂತು. ಕೊನೆಗೆ ಎರಡು ಮಾತ್ರೆಗೇ ಹತೋಟಿಗೆ ಸಿಕ್ಕಿತು. ಈಗ ಅವನು ಹೈಸ್ಕೂಲಿನಲ್ಲಿದ್ದಾನೆ. ಸಿಬಿಡಿ ಅವನಿಗೆ ಬೇಕಾಗಲೇ ಇಲ್ಲ. ಹಾಗಾಗಿ ನಮ್ಮ ಹುಡುಗನ ಕತೆ ಹೇಳಿ ನಿಮ್ಮನ್ನು ಒಪ್ಪಿಸುವ ದಾರಿ ನನಗಿಲ್ಲ.

ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರನ್ನು ನೋಡಿದ್ದೇನೆ. ಮೂರು ಔಷಧಿ ಬದಲಾಯಿಸಿ, ನಾಲ್ಕನೆಯದಕ್ಕೆ ಚೀಟಿ ಬರೆಸಲು ಬಂದವರು. ಮಗು ಬಿದ್ದು ತಲೆ ಒಡೆದುಕೊಳ್ಳಬಾರದು ಅಂತ ಮನೆಯೊಳಗೂ ಹೆಲ್ಮೆಟ್ ಹಾಕಿಸಿದವರು. ಮೂರ್ಛೆರೋಗ ಇರುವ ಹತ್ತು ಜನರಲ್ಲಿ ಸುಮಾರು ಮೂವರಿಗೆ ಮಾತ್ರೆಗಳು ಸರಿಯಾಗಿ ಹಿಡಿಯುವುದೇ ಇಲ್ಲ. ನಾನು ಬರೆಯುತ್ತಿರುವುದು ಅವರ ಪರವಾಗಿ. ನಿದ್ದೆ ಬರುತ್ತಿಲ್ಲ ಅಂತ ಎಣ್ಣೆ ಕುಡಿಯುವವರ ಪರವಾಗಿ ಅಲ್ಲ.

'ಬೆಳೆಯುವ ಮೆದುಳಿಗೆ ಸಿಬಿಡಿ ಸುರಕ್ಷಿತವೇ?' ಅಂತ ಕೇಳುತ್ತೀರಿ. ಯಾವುದಕ್ಕಿಂತ ಅಂತ ನಾನು ತಿರುಗಿ ಕೇಳುತ್ತೇನೆ. ಏನೂ ಕಾಯಿಲೆ ಇಲ್ಲದ ಮಗುವಿಗೆ ಯಾವ ಔಷಧಿಯೂ ಬೇಡ, ಅಲ್ವಾ? ಫಿಟ್ಸ್ ನಿಲ್ಲದ ಮಗುವಿನ ಲೆಕ್ಕ ಬೇರೆ. ಡ್ರಾವೆ ಸಿಂಡ್ರೋಮ್ ಅಂತ ಒಂದು ಕಾಯಿಲೆ ಇದೆ. 1978ರಲ್ಲಿ ಫ್ರಾನ್ಸಿನ ವೈದ್ಯೆ ಷಾರ್ಲೆಟ್ ಡ್ರಾವೆ ಇದನ್ನು ಮೊದಲು ವಿವರಿಸಿದರು. ಹೆಚ್ಚಿನ ಮಕ್ಕಳಲ್ಲಿ ಎಸ್‌ಸಿಎನ್1ಎ ಎಂಬ ಜೀನ್‌ನಲ್ಲಿ ತೊಡಕಿರುತ್ತದೆ. ನರಕೋಶದ ಗೋಡೆಯಲ್ಲಿ ಸೋಡಿಯಂ ಒಳಗೆ ಬರುವ ಬಾಗಿಲನ್ನು ಮಾಡಿಸುವ ಜೀನ್ ಅದು. ಮೆದುಳಿನಲ್ಲಿ ಓಡಿಸುವ ಕೋಶಗಳೂ ಇವೆ, ಬ್ರೇಕ್ ಹಾಕುವ ಕೋಶಗಳೂ ಇವೆ. ಈ ತೊಡಕಿನಿಂದ ಬ್ರೇಕ್ ಹಾಕುವ ಕೋಶಗಳೇ ಸೋಲುತ್ತವೆ. ಮೊದಲ ವರ್ಷ ಮಗು ಎಲ್ಲರಂತೆ ಬೆಳೆಯುತ್ತದೆ. ಫಿಟ್ಸ್ ಶುರುವಾದ ಮೇಲೆ ಮಾತು ಹಿಂದುಳಿಯುತ್ತದೆ, ನಡಿಗೆ ತಪ್ಪುತ್ತದೆ. ಇದರಲ್ಲಿ ಜೀನ್‌ನ ಪಾಲೂ ಇದೆ, ಎಲ್ಲವನ್ನೂ ಫಿಟ್ಸ್ ತಲೆಗೆ ಕಟ್ಟಲು ಆಗುವುದಿಲ್ಲ. ಆದರೂ ಗಂಟೆಗಟ್ಟಲೆ ನಿಲ್ಲದ ಫಿಟ್ಸ್ ಎಳೆಯ ಮೆದುಳನ್ನು ಸುಮ್ನೆ ಬಿಡುತ್ತದೆಯೇ? ರಾತ್ರಿ ಮಲಗಿದ ಮಗು ಬೆಳಿಗ್ಗೆ ಏಳದೇ ಹೋಗುವ ಭಯವೂ ಈ ಕಾಯಿಲೆಯಲ್ಲಿ ಜಾಸ್ತಿ.

ಗಾಂಜಾ ಗಿಡವನ್ನು ಮಗುವಿನ ಫಿಟ್ಸ್‌ಗೆ ಕೊಡುವುದು ನಿನ್ನೆ ಮೊನ್ನೆಯ ಯೋಚನೆ ಅಲ್ಲ. ಶುರುವಾದದ್ದು ನಮ್ಮ ದೇಶದಲ್ಲೇ. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿದ್ದ ವಿಲಿಯಂ ಓಶಾನೆಸಿ ಎಂಬ ಐರಿಷ್ ವೈದ್ಯರು 1839ರ ಹೊತ್ತಿಗೆ ಇಲ್ಲಿಯ ಹಕೀಮರು, ವೈದ್ಯರನ್ನು ಕೇಳಿ ತಿಳಿದುಕೊಂಡು ಗಾಂಜಾದ ಔಷಧಗುಣಗಳ ಬಗ್ಗೆ ಬರೆದರು. ಫಿಟ್ಸ್ ಬರುತ್ತಿದ್ದ 40 ದಿನದ ಹಸುಗೂಸಿಗೆ ಗಾಂಜಾ ಟಿಂಚರ್‌ನ ಹನಿ ಕೊಟ್ಟದ್ದನ್ನೂ ದಾಖಲಿಸಿದರು. ಕೂಸು ಚೇತರಿಸಿಕೊಂಡಿತು. ಒಂದು ಕೂಸಿನ ಕತೆ ಪುರಾವೆಯಲ್ಲ, ಗೊತ್ತು. ಅದರಲ್ಲಿ ಟಿಎಚ್‌ಸಿ ಕೂಡ ಇದ್ದೇ ಇರುತ್ತದೆ. ಸಿಬಿಡಿಯನ್ನು ಬೇರೆ ಮಾಡಿ ತೆಗೆಯಲು 1940 ಬರಬೇಕಾಯಿತು. ಅದರ ರಚನೆಯನ್ನು ಇಸ್ರೇಲಿನ ರಫಾಯೆಲ್ ಮೆಶುಲಮ್ ಬಿಡಿಸಿ ಹೇಳಿದ್ದು 1963ರಲ್ಲಿ. 1980ರಲ್ಲಿ ಬ್ರೆಜಿಲ್‌ನವರ ಜೊತೆ ಸೇರಿ ಎಂಟು ಮಂದಿ ರೋಗಿಗಳಿಗೆ ಶುದ್ಧ ಸಿಬಿಡಿ ಕೊಟ್ಟು ನೋಡಿದರು. ನಾಲ್ವರಿಗೆ ಫಿಟ್ಸ್ ಬಹುತೇಕ ನಿಂತೇ ಹೋಯಿತು. ಆಮೇಲೆ ಮೂವತ್ತು ವರ್ಷ ಹೆಚ್ಚಿನವರು ಅದರ ಗೋಜಿಗೆ ಹೋಗಲಿಲ್ಲ. ಗಾಂಜಾ ಅಂದರೆ ಪೊಲೀಸು, ಕೋರ್ಟು. ಯಾವ ಕಂಪನಿ ದುಡ್ಡು ಹಾಕುತ್ತದೆ?

ಮತ್ತೆ ಸುದ್ದಿಯಾದದ್ದು ಅಮೆರಿಕದ ಕೊಲೊರಾಡೊದ ಷಾರ್ಲೆಟ್ ಫಿಗಿ ಎಂಬ ಮಗುವಿನಿಂದ. ಅವಳಿಗೂ ಡ್ರಾವೆ. ಐದು ವರ್ಷದವಳಿದ್ದಾಗ ವಾರಕ್ಕೆ 300ರಷ್ಟು ಫಿಟ್ಸ್ ಬರುತ್ತಿದ್ದವು. ಸಿಬಿಡಿ ಹೆಚ್ಚಿದ್ದು ಟಿಎಚ್‌ಸಿ ತೀರಾ ಕಡಿಮೆ ಇದ್ದ ಗಿಡದ ಎಣ್ಣೆ ಕೊಟ್ಟ ಮೇಲೆ ತಿಂಗಳಿಗೆ ಎರಡು ಮೂರಕ್ಕೆ ಇಳಿದವು. 2013ರಲ್ಲಿ ಟಿವಿಯಲ್ಲಿ ಅವಳನ್ನು ತೋರಿಸಿದ್ದೇ ತಡ, ಎಷ್ಟೋ ಕುಟುಂಬಗಳು ಮನೆಮಠ ಬಿಟ್ಟು ಕೊಲೊರಾಡೊಗೆ ಗಂಟುಮೂಟೆ ಕಟ್ಟಿದವು.

ಇದಿಷ್ಟೇ ಆಗಿದ್ದರೆ ನಾನೂ ನಂಬುತ್ತಿರಲಿಲ್ಲ. 2017ರಲ್ಲಿ ಸರಿಯಾದ ಪರೀಕ್ಷೆ ನಡೆಯಿತು. ಡ್ರಾವೆ ಇರುವ 120 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಶುದ್ಧ ಸಿಬಿಡಿ, ಉಳಿದವರಿಗೆ ಔಷಧಿಯೇ ಇಲ್ಲದ ಅದೇ ರುಚಿಯ ದ್ರಾವಣ. ಯಾರಿಗೆ ಯಾವುದು ಅಂತ ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಸಿಬಿಡಿ ಸಿಕ್ಕ ಮಕ್ಕಳಲ್ಲಿ ದೊಡ್ಡ ಫಿಟ್ಸ್ ತಿಂಗಳಿಗೆ 12.4ರಿಂದ 5.9ಕ್ಕೆ ಇಳಿಯಿತು. ಇನ್ನೊಂದು ಗುಂಪಿನಲ್ಲಿ 14.9 ಇದ್ದದ್ದು 14.1 ಆಯಿತು, ಅಷ್ಟೇ. ಮುಂದಿನ ವರ್ಷ ಲೆನಾಕ್ಸ್-ಗ್ಯಾಸ್ಟೊ ಎಂಬ ಇನ್ನೊಂದು ಕೆಟ್ಟ ಫಿಟ್ಸ್ ಕಾಯಿಲೆಯ 225 ಮಂದಿಯ ಮೇಲೂ ಹೀಗೇ ನೋಡಿದರು. ದೊಪ್ಪನೆ ಬೀಳಿಸುವ ಫಿಟ್ಸ್, ಹೆಚ್ಚು ಡೋಸ್ ಸಿಕ್ಕವರಲ್ಲಿ 41.9 ಶೇಕಡಾ ಕಡಿಮೆಯಾಯಿತು. ಸಿಬಿಡಿ ಸಿಗದವರಲ್ಲಿ 17.2. ಜೂನ್ 2018ರಲ್ಲಿ, ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಎಪಿಡಿಯೊಲೆಕ್ಸ್ ಎಂಬ ಹೆಸರಿನ ಈ ಔಷಧಿಯನ್ನು ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ ಒಪ್ಪಿತು. 2020ರಲ್ಲಿ ಅದನ್ನು ಒಂದು ವರ್ಷಕ್ಕೆ ಇಳಿಸಿತು. ಒಂದು ವರ್ಷದ ಮಗುವಿನ ಮೆದುಳಿಗಿಂತ 'ಬೆಳೆಯುವ ಮೆದುಳು' ಬೇಕೇ?

ಈಗ ಕೋಶಗಳ ಮಾತಿಗೆ ಬರೋಣ. ಸಿಬಿಡಿ ನರಕೋಶವನ್ನು ಕೊಲ್ಲುತ್ತದೆ ಅಂತ ಒಂದು ಪ್ರಯೋಗ ತೋರಿಸಿದರೆ ಕಾಪಾಡುತ್ತದೆ ಅಂತ ಇನ್ನೊಂದು ತೋರಿಸುತ್ತದೆ. 1998ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧಕರು ಇಲಿಯ ಮೆದುಳಿನ ಕೋಶಗಳಿಗೆ ಗ್ಲುಟಮೇಟ್ ಎಂಬ ಪದಾರ್ಥವನ್ನು ವಿಷವಾಗುವಷ್ಟು ಏರಿಸಿ, ಜೊತೆಗೆ ಸಿಬಿಡಿ ಹಾಕಿ ನೋಡಿದರು. ಆ ತಂಡದಲ್ಲಿ ನೊಬೆಲ್ ಪಡೆದ ಜೂಲಿಯಸ್ ಆಕ್ಸೆಲ್‌ರಾಡ್ ಕೂಡ ಇದ್ದರು. ವಿಟಮಿನ್ ಸಿ, ಇ ಎರಡಕ್ಕಿಂತಲೂ ಚೆನ್ನಾಗಿ ಸಿಬಿಡಿ ಕೋಶಗಳನ್ನು ಉಳಿಸಿತು. ಇದರ ಮೇಲೆ 2003ರಲ್ಲಿ ಅಮೆರಿಕ ಸರ್ಕಾರವೇ ಪೇಟೆಂಟ್ ತೆಗೆದುಕೊಂಡಿತು. ಒಂದು ಕೈಯಲ್ಲಿ ಗಾಂಜಾಕ್ಕೆ ಔಷಧಗುಣವೇ ಇಲ್ಲ ಅನ್ನುವ ಕಾನೂನು, ಇನ್ನೊಂದು ಕೈಯಲ್ಲಿ ಪೇಟೆಂಟು. ಸ್ಪೇನ್‌ನಲ್ಲಿ ಆಗತಾನೇ ಹುಟ್ಟಿದ ಹಂದಿಮರಿಗಳಿಗೆ ಆಮ್ಲಜನಕ ಕಡಿಮೆ ಮಾಡಿ, ಆಮೇಲೆ ಸಿಬಿಡಿ ಕೊಟ್ಟು ನೋಡಿದ್ದಾರೆ. ಹೆರಿಗೆಯಲ್ಲಿ ಉಸಿರುಗಟ್ಟಿದ ಕೂಸಿನ ಮೆದುಳಿಗೆ ಆಗುವಂಥದ್ದೇ ಏಟು ಅದು. ಸಿಬಿಡಿ ಸಿಕ್ಕ ಮರಿಗಳ ಮೆದುಳು ಹೆಚ್ಚು ಉಳಿಯಿತು.

ಕೋಶ ಸತ್ತ ಪ್ರಯೋಗಗಳೂ ಇವೆ. ಅವನ್ನು ಓದುವಾಗ ಒಂದು ಅಂಕಿ ಹುಡುಕಿ: ಲ್ಯಾಬಿನಲ್ಲಿ ಕೋಶ ಬೆಳೆಸುವ ತಟ್ಟೆಯಲ್ಲಿ ಎಷ್ಟು ಸಿಬಿಡಿ ಸುರಿದರು? ಎಷ್ಟೋ ಸಲ ಔಷಧಿ ಕುಡಿದ ಮಗುವಿನ ರಕ್ತದಲ್ಲಿ ಸಿಗುವುದಕ್ಕಿಂತ ಹಲವು ಪಟ್ಟು ಜಾಸ್ತಿ ಇರುತ್ತದೆ. ಮೈಯೊಳಗೆ ಹೋದ ಸಿಬಿಡಿಯಲ್ಲಿ 94 ಶೇಕಡಾಕ್ಕೂ ಹೆಚ್ಚು ರಕ್ತದ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ, ಕೋಶಕ್ಕೆ ತಾಗುವುದು ಚೂರು. ಗಾಜಿನ ತಟ್ಟೆಯಲ್ಲಿ ಆ ಪ್ರೋಟೀನ್ ಇಲ್ಲವೇ ಇಲ್ಲ, ಇದ್ದರೂ ಸ್ವಲ್ಪ. ತಟ್ಟೆಯಲ್ಲಿ ಲಿವರ್ ಇಲ್ಲ. ಬಾಯಿಂದ ಕುಡಿದ ಸಿಬಿಡಿಯನ್ನು ಲಿವರ್ ಬಹುಪಾಲು ಮುರಿದುಹಾಕುತ್ತದೆ. ಅನ್ನ ಬೆಂದಿದೆಯೇ ಅಂತ ನೋಡಲು ಒಂದಗುಳು ಸಾಕು ಅನ್ನುತ್ತಾರೆ. ಒಂದೇ ಪಾತ್ರೆಯ ಅಗುಳಾದರೆ ಸರಿ. ಇಲ್ಲಿ ಪಾತ್ರೆಯೇ ಬೇರೆ.

ಲಿವರ್ ವಿಷಯ ಮುಚ್ಚಿಡುವುದಿಲ್ಲ. ಕೆಲವು ಮಕ್ಕಳಲ್ಲಿ, ಅದರಲ್ಲೂ ವಾಲ್‌ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಔಷಧಿ ತೆಗೆದುಕೊಳ್ಳುತ್ತಿರುವವರಲ್ಲಿ, ಲಿವರ್ ಎನ್‌ಜೈಮ್ ಏರುತ್ತದೆ. ನಿದ್ದೆಗಣ್ಣು, ಭೇದಿ, ಹಸಿವಿಲ್ಲದಿರುವುದು ಕೂಡ ಇವೆ. ಅದಕ್ಕೇ ರಕ್ತ ಪರೀಕ್ಷೆ ಮಾಡಿಸುತ್ತಾ ಡೋಸ್ ಇಳಿಸುತ್ತಾರೆ, ಬೇಕಾದರೆ ನಿಲ್ಲಿಸುತ್ತಾರೆ.

ಹಳೆಯ ಔಷಧಿಗಳು ಏನು ಸಾಧು ಹಸುಗಳೇ? ಜ್ವರದ ಫಿಟ್ಸ್ ಬಂದ ಎಳೆ ಮಕ್ಕಳಿಗೆ ಫಿನೋಬಾರ್ಬಿಟಾಲ್ ಕೊಟ್ಟು 1990ರಲ್ಲಿ ಅಳೆದು ನೋಡಿದಾಗ, ಐಕ್ಯೂ ಬೇರೆ ಮಕ್ಕಳಿಗಿಂತ 8.4 ಅಂಕ ಕಡಿಮೆ ಇತ್ತು. ಬಸುರಿಯಾಗಿದ್ದಾಗ ವಾಲ್‌ಪ್ರೊಯೇಟ್ ನುಂಗಿದ ತಾಯಂದಿರ ಮಕ್ಕಳು ಆರು ವರ್ಷಕ್ಕೆ ಬಂದಾಗ, ಬೇರೆ ಮಾತ್ರೆ ನುಂಗಿದವರ ಮಕ್ಕಳಿಗಿಂತ 8ರಿಂದ 11 ಅಂಕ ಹಿಂದಿದ್ದರು. ಈ ಎರಡೂ ಔಷಧಿ ಇವತ್ತಿಗೂ ಮೆಡಿಕಲ್ ಶಾಪಿನಲ್ಲಿವೆ. ಯಾಕೆ? ಕೆಲವರಿಗೆ ಅವೇ ಬೇಕು. ಅದೇ ನ್ಯಾಯ ಸಿಬಿಡಿಗೂ ಸಲ್ಲಲಿ. ಆ ಬೆಂಚಿನ ಮೇಲೆ ಕೂತ ತಾಯಿಗೆ 'ಇನ್ನೂ ಹತ್ತು ವರ್ಷ ಇಲಿಗಳ ಮೇಲೆ ನೋಡ್ತೀವಿ, ಕಾಯಿರಿ' ಅಂತ ಹೇಳುವ ಬಾಯಿ ನನಗಿಲ್ಲ. ಅವಳ ಮಗುವಿಗೆ ಇವತ್ತು ರಾತ್ರಿಯೂ ಫಿಟ್ಸ್ ಬರುತ್ತದೆ.

ವಿರೋಧ: 'ಸುರಕ್ಷಿತ' ಅನ್ನುವ ಮಾತು ಇನ್ನೂ ಸಂಪಾದನೆಯಾಗಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಡ್ರಾವೆ ಇರುವ ಮಗುವಿಗೆ ನರರೋಗದ ಡಾಕ್ಟರು ಚೀಟಿ ಬರೆದು, ತಿಂಗಳು ತಿಂಗಳು ರಕ್ತ ನೋಡುತ್ತಾ ಸಿಬಿಡಿ ಕೊಟ್ಟರೆ ನಾನು ಅಡ್ಡ ನಿಲ್ಲುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ನೀರು ಕೊಚ್ಚೆಯದ್ದಾ ಬಾವಿಯದ್ದಾ ಅಂತ ಯಾರೂ ಕೇಳುವುದಿಲ್ಲ. ಆದರೆ ಬೆಂಕಿಗೆ ಎರಚಿದ ನೀರನ್ನು ಕುಡಿಯಲೂಬಹುದು ಅನ್ನುವುದು ಬೇರೆ ಮಾತು. ನಮ್ಮ ಮುಂದಿರುವ ಪ್ರಶ್ನೆ 'ಉಪಯೋಗ ಇದೆಯೇ' ಅಂತ ಅಲ್ಲ, 'ಸುರಕ್ಷಿತವೇ' ಅಂತ. ಪರ ಬರೆದವರು ಮೊದಲನೆಯದಕ್ಕೆ ಚೆನ್ನಾಗಿ ಉತ್ತರ ಕೊಟ್ಟು ಎರಡನೆಯದಕ್ಕೂ ಕೊಟ್ಟೆ ಅಂದುಕೊಂಡಿದ್ದಾರೆ.

ಅವರ 2017ರ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಔಷಧಿ ಕೊಟ್ಟದ್ದು 14 ವಾರ. ಎಣಿಸಿದ್ದು ಫಿಟ್ಸ್. ಮಗು ಮಾತು ಎಷ್ಟು ಕಲಿಯಿತು, ಲೆಕ್ಕ ಹೇಗೆ ಮಾಡುತ್ತದೆ, ಹದಿನೈದನೇ ವಯಸ್ಸಿನಲ್ಲಿ ಏನಾಗಿರುತ್ತದೆ ಅಂತ ಮೂರು ಚಿಲ್ಲರೆ ತಿಂಗಳಲ್ಲಿ ತಿಳಿಯುವುದು ಹೇಗೆ? ಅಷ್ಟರಲ್ಲೇ ಸಿಬಿಡಿ ಗುಂಪಿನ ಎಂಟು ಮಕ್ಕಳು ಅಡ್ಡ ಪರಿಣಾಮದಿಂದ ಬಿಟ್ಟುಹೋದರು. ಇನ್ನೊಂದು ಗುಂಪಿನಲ್ಲಿ ಹಾಗೆ ಬಿಟ್ಟದ್ದು ಒಂದೇ ಮಗು. ಆ ಮಕ್ಕಳ ಮೆದುಳು ಮೊದಲೇ ಏಟು ತಿಂದದ್ದು. ಅದರಲ್ಲಿ ಆಮೇಲೆ ಏನಾದರೂ ಹಿಂದುಳಿದರೆ ಕಾಯಿಲೆಯದ್ದೋ ಔಷಧಿಯದ್ದೋ ಅಂತ ಬಿಡಿಸುವುದೂ ಕಷ್ಟ.

ಈಗ ಅವರ ಫಿನೋಬಾರ್ಬಿಟಾಲ್ ಉದಾಹರಣೆ. ಅದನ್ನು ಓದಿ ನನಗೆ ನಗು ಬಂತು. ಅದು ನನ್ನ ಕಡೆಯ ಸಾಕ್ಷಿ! ಫಿನೋಬಾರ್ಬಿಟಾಲ್ ಫಿಟ್ಸ್‌ಗೆ ಬಳಕೆಗೆ ಬಂದದ್ದು 1912ರಲ್ಲಿ. ಎಳೆ ಮಕ್ಕಳ ಐಕ್ಯೂ ಇಳಿಯುತ್ತದೆ ಅಂತ ಅವರು ಹೇಳಿದ ಪರೀಕ್ಷೆ ತೋರಿಸಿದ್ದು 1990ರಲ್ಲಿ. 78 ವರ್ಷ. ಅಷ್ಟೂ ವರ್ಷ ಡಾಕ್ಟರುಗಳು ಅದನ್ನು ಮಕ್ಕಳಿಗೆ ಬರೆಯುತ್ತಲೇ ಬಂದರು. ವಾಲ್‌ಪ್ರೊಯೇಟ್ ಫ್ರಾನ್ಸ್‌ನಲ್ಲಿ 1967ರಲ್ಲಿ ಬಂತು. ಆರು ವರ್ಷದ ಮಕ್ಕಳ ಐಕ್ಯೂ ಅಂಕಿ ನಮ್ಮ ಕೈಗೆ ಬಂದದ್ದು 2013ರಲ್ಲಿ. ಥಾಲಿಡೊಮೈಡ್ ಕತೆ ನಿಮಗೆ ಗೊತ್ತೇ ಇದೆ: 1957ರಲ್ಲಿ ಜರ್ಮನಿಯಲ್ಲಿ ಅಂಗಡಿಗೆ ಬಂತು, 1961ರಲ್ಲಿ ವಾಪಸ್ ಹೋಯಿತು. ಕೈಕಾಲಿಲ್ಲದ ಕೂಸು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ನಾಲ್ಕೇ ವರ್ಷದಲ್ಲಿ ಗೊತ್ತಾಯಿತು. ಎಂಟು ಅಂಕ ಕಡಿಮೆ ಇರುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. 'ಸ್ವಲ್ಪ ಮಂಕು' ಅಂತ ಮನೆಯವರೇ ಹೇಳಿ ಸುಮ್ಮನಾಗುತ್ತಾರೆ. ಎಪಿಡಿಯೊಲೆಕ್ಸ್ ಬಂದದ್ದು 2018ರಲ್ಲಿ. ಅದನ್ನು ಒಂದು ವರ್ಷ ವಯಸ್ಸಿನಲ್ಲಿ ಶುರುಮಾಡಿದ ಮಗು ಇನ್ನೂ ಪ್ರೌಢಶಾಲೆ ದಾಟಿರುವುದಿಲ್ಲ.

ನಾನು ಕೆಲವು ವರ್ಷ ಲ್ಯಾಬಿನಲ್ಲಿ ಕೋಶ ಬೆಳೆಸಿದವಳು. ಎಳೆಗುಲಾಬಿ ಬಣ್ಣದ ದ್ರಾವಣ, 37 ಡಿಗ್ರಿಯ ಪೆಟ್ಟಿಗೆ, ಭಾನುವಾರವೂ ಹೋಗಿ ಅವಕ್ಕೆ ಊಟ ಹಾಕಬೇಕು. ತಟ್ಟೆಯಲ್ಲಿ ಲಿವರ್ ಇಲ್ಲ ಅನ್ನುವುದು ನಿಜ. ರಕ್ತದ ಪ್ರೋಟೀನ್ ಮಾತೂ ನಿಜ. ಆದರೆ ತಟ್ಟೆ ಹೇಳುವುದು ಡೋಸ್ ಅಲ್ಲ, ಯಾವ ಕಡೆ ನೋಡಬೇಕು ಅಂತ. ಸ್ಪೇನ್‌ನವರ ಹಂದಿಮರಿಗಳನ್ನು ಅವರು ನೆನಪಿಸಿದರಲ್ಲ, ಅದೇ ಸ್ಪೇನ್‌ನಿಂದ 2010ರಲ್ಲಿ ಇನ್ನೊಂದು ವರದಿ ಬಂತು. ಆಲಿಗೊಡೆಂಡ್ರೊಸೈಟ್ ಅಂತ ಒಂದು ಬಗೆಯ ಕೋಶ. ಕರೆಂಟ್ ತಂತಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ ನರದ ಎಳೆಗೆ ಕೊಬ್ಬಿನ ಹೊದಿಕೆ ಸುತ್ತುವುದು ಇದರ ಕೆಲಸ. ಮಗು ಕೂರುವುದು, ನಿಲ್ಲುವುದು, ನಡೆಯುವುದು ಈ ಹೊದಿಕೆ ಏರಿದಂತೆಲ್ಲ ಬರುತ್ತದೆ. ಸಿಬಿಡಿ ಹಾಕಿದಾಗ ಈ ಕೋಶಗಳೊಳಗೆ ಕ್ಯಾಲ್ಸಿಯಂ ಏರಿ ಅವು ಸತ್ತವು. ಎರಡು ವರ್ಷದ ಮೇಲೆ, ಅದೇ ದೇಶದ ಇನ್ನೊಂದು ತಂಡ ಈ ಕೋಶಗಳ ಎಳೆಯ ರೂಪವನ್ನು ಉರಿಯೂತದಿಂದ ಸಿಬಿಡಿ ಕಾಪಾಡಿತು ಅಂತ ಬರೆಯಿತು. ಹಾಗಾದರೆ ಯಾವುದು ನಿಜ? ಎರಡೂ ಇರಬಹುದು. ಏಟು ತಿಂದ ಕೋಶಕ್ಕೆ ಒಂದು ಥರ, ನೆಮ್ಮದಿಯಾಗಿ ಬೆಳೆಯುತ್ತಿರುವ ಕೋಶಕ್ಕೆ ಇನ್ನೊಂದು ಥರ. ಪರ ಬರೆದವರು ಕೊಟ್ಟ ಉದಾಹರಣೆಗಳನ್ನು ಮತ್ತೆ ನೋಡಿ. ವಿಷ ಏರಿಸಿದ ಇಲಿಯ ಕೋಶ, ಉಸಿರುಗಟ್ಟಿಸಿದ ಹಂದಿಮರಿ. ಎಲ್ಲವೂ ಏಟು ಕೊಟ್ಟು ಮದ್ದು ಹಾಕಿದ್ದು. ಏಟೇ ತಿನ್ನದ ಮೆದುಳಿಗೆ ಏನಾಗುತ್ತದೆ ಅನ್ನುವುದಕ್ಕೆ ಅಲ್ಲಿ ಉತ್ತರ ಇಲ್ಲ.

ಆ ಉತ್ತರಕ್ಕೆ ಹತ್ತಿರ ಹೋದ ಪ್ರಯೋಗಗಳು ಬೇರೆ ಇವೆ. 2020ರಲ್ಲಿ ಪೋರ್ಚುಗಲ್‌ನವರು ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮನುಷ್ಯರ ಕಾಂಡಕೋಶಗಳಿಂದ ನರಕೋಶ ಬೆಳೆಸಿದರು. ಬೆಳೆಯುವ ದಿನಗಳುದ್ದಕ್ಕೂ ಸಿಬಿಡಿ ಇದ್ದಾಗ ಅದು ಆ ಕೋಶಗಳಿಗೆ ವಿಷವಾಯಿತು. 2023ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದವರು ಬಸುರಿ ಇಲಿಗಳಿಗೆ ದಿನಾ ಬಾಯಿಂದ ಸಿಬಿಡಿ ಕುಡಿಸಿದರು. (ಷಾರ್ಲೆಟ್ ಫಿಗಿಯ ಊರಿನ ಕಡೆಯವರೇ, ನೋಡಿ.) ಮರಿಗಳು ನೋಡಲು ಚೆನ್ನಾಗೇ ಇದ್ದವು. ದೊಡ್ಡವಾದ ಮೇಲೆ ಗಂಡುಗಳಿಗೆ ಬಿಸಿ ತಾಗಿದರೆ ಜಾಸ್ತಿ ನೋವು. ಹೆಣ್ಣುಗಳು ಒಂದು ಒಗಟಿನಂಥ ಪರೀಕ್ಷೆಯಲ್ಲಿ ಹಿಂದೆ ಬಿದ್ದವು. ಅವುಗಳ ಹಣೆಯ ಹಿಂದಿನ ಮೆದುಳಿನ ಭಾಗದಲ್ಲಿ ಕೋಶಗಳು ಸುಲಭಕ್ಕೆ ಚುರುಕಾಗುತ್ತಿರಲಿಲ್ಲ. ಕೊಟ್ಟ ಡೋಸ್ ಮೈತೂಕದ ಕಿಲೋಗೆ 50 ಮಿಲಿಗ್ರಾಂ. ಅಬ್ಬಾ, ಇಷ್ಟಾ ಅನ್ನಿಸಬಹುದು. ಇಲಿಯ ಡೋಸನ್ನು ಮನುಷ್ಯರಿಗೆ ಇಳಿಸಲು ಔಷಧಿ ಕಂಪನಿಗಳು ಬಳಸುವ ಲೆಕ್ಕ ಇದೆ, 12.3ರಿಂದ ಭಾಗಿಸಬೇಕು. ಕಿಲೋಗೆ ಸುಮಾರು 4 ಮಿಲಿಗ್ರಾಂ ಆಯಿತು. 60 ಕಿಲೋದ ಹೆಂಗಸಿಗೆ ದಿನಕ್ಕೆ 240 ಮಿಲಿಗ್ರಾಂ. ಅದೇನು ಯಾರೂ ಮುಟ್ಟದ ಅಂಕಿ ಅಲ್ಲ. ಡ್ರಾವೆ ಮಗುವಿಗೆ ಕೊಡುವುದು ಕಿಲೋಗೆ 20 ಮಿಲಿಗ್ರಾಂವರೆಗೆ.

ಹೋಗಲಿ, ನನ್ನ ಇಲಿಗಳನ್ನು ನಂಬಬೇಡಿ. ಎಪಿಡಿಯೊಲೆಕ್ಸ್ ಜೊತೆ ಬರುವ ಚೀಟಿಯನ್ನೇ ಓದಿ. ಎಳೆಯ ಇಲಿಮರಿಗಳಿಗೆ ಕೊಟ್ಟಾಗ ಓಡಾಟ ಕಡಿಮೆಯಾಯಿತು, ಸದ್ದಿಗೆ ಒಗ್ಗಿಕೊಳ್ಳುವ ರೀತಿ ಬದಲಾಯಿತು, ಗಂಡುಮರಿಗಳು ದೊಡ್ಡವಾಗುವುದು ತಡವಾಯಿತು ಅಂತ ಕಂಪನಿಯೇ ಬರೆದಿದೆ. ಬಸುರಿ ಇಲಿಗಳಿಗೆ ಹೆಚ್ಚು ಡೋಸ್ ಕೊಟ್ಟಾಗ ಮರಿಗಳು ಹೊಟ್ಟೆಯಲ್ಲೇ ಸತ್ತದ್ದೂ ಅದರಲ್ಲಿದೆ. ಮಾರುವವರೇ ಬರೆದುಕೊಟ್ಟಿರುವುದನ್ನು ನಾವು 'ಸುರಕ್ಷಿತ' ಅಂತ ತಿದ್ದಿಕೊಳ್ಳುವುದು ಯಾಕೆ?

ಇದು ಯಾಕೆ ಹೀಗೆ ಅಂತ ಒಂದು ಮಾತು. ನಮ್ಮ ಮೆದುಳು ತನ್ನದೇ ಗಾಂಜಾದಂಥ ಪದಾರ್ಥಗಳನ್ನು ಮಾಡಿಕೊಳ್ಳುತ್ತದೆ. ಆನಂದಮೈಡ್ ಅಂತ ಒಂದಕ್ಕೆ ಹೆಸರು. ಸಂಸ್ಕೃತದ 'ಆನಂದ'ದಿಂದಲೇ 1992ರಲ್ಲಿ ಇಟ್ಟದ್ದು. ಕೂಸಿನ ಮೆದುಳಿನಲ್ಲಿ ಇದರ ಕೆಲಸ ಆನಂದ ಕೊಡುವುದಲ್ಲ, ದಾರಿ ತೋರಿಸುವುದು. ಹೊಸ ನರಕೋಶ ಎಲ್ಲಿಗೆ ಹೋಗಬೇಕು, ಎಳೆ ಯಾವ ಕಡೆ ಚಾಚಬೇಕು ಅಂತ ಹೇಳುವ ಮೇಸ್ತ್ರಿಗಳಲ್ಲಿ ಇದೂ ಒಂದು. ಸಿಬಿಡಿ ಈ ಸಾಲಿನಲ್ಲಿ ಹಲವು ಕಡೆ ಕೈ ಹಾಕುತ್ತದೆ. ನರಕೋಶವನ್ನು ತಣ್ಣಗಿಡುವ ಪೊಟ್ಯಾಸಿಯಂ ಬಾಗಿಲುಗಳನ್ನೂ ತೆರೆಯುತ್ತದೆ. ಫಿಟ್ಸ್ ತಣಿಸಲು ಇದು ನೆರವಾಗಬಹುದು. ಆದರೆ ಎಳೆಯ ಕೋಶಗಳು ಒಂದರ ಜೊತೆ ಒಂದು ಕಟ್ಟಿಕೊಳ್ಳುವುದೇ ಮಿಡಿಯುತ್ತಾ ಮಿಡಿಯುತ್ತಾ. ಮನೆ ಕಟ್ಟಿ ಮುಗಿದ ಮೇಲೆ ಸದ್ದು ಮಾಡಬೇಡಿ ಅನ್ನಬಹುದು. ಕಟ್ಟುತ್ತಿರುವಾಗಲೇ ಹೇಳಿದರೆ?

ಇಷ್ಟು ಹೊತ್ತು ಮಾತಾಡಿದ್ದು ಶುದ್ಧ ಔಷಧಿಯ ಬಗ್ಗೆ. ಜನ ಕೊಳ್ಳುತ್ತಿರುವುದು ಅದನ್ನಲ್ಲ. 2017ರಲ್ಲಿ ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಮಾರುವ 84 ಸಿಬಿಡಿ ಬಾಟಲಿಗಳನ್ನು ತರಿಸಿ ಅಳೆದರು. ಲೇಬಲ್‌ನಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು 31 ಶೇಕಡಾದಲ್ಲಿ. 18 ಬಾಟಲಿಗಳಲ್ಲಿ ಟಿಎಚ್‌ಸಿ ಸಿಕ್ಕಿತು. ಬೆಳೆಯುವ ಮೆದುಳಿಗೆ ಟಿಎಚ್‌ಸಿ ಒಳ್ಳೆಯದಲ್ಲ ಅನ್ನುವುದರಲ್ಲಿ ಪರದವರಿಗೂ ತಕರಾರಿಲ್ಲ ಅಂದುಕೊಳ್ಳುತ್ತೇನೆ. 2019ರಲ್ಲಿ ಎಫ್‌ಡಿಎ ಬಸುರಿಯರು, ಬಾಣಂತಿಯರು ಸಿಬಿಡಿ ಯಾವ ರೂಪದಲ್ಲೂ ಬೇಡ ಅಂತ ಎಚ್ಚರಿಸಿತು. 2022ರಲ್ಲಿ ಯೂರೋಪಿನ ಆಹಾರ ಸುರಕ್ಷತೆಯವರು, ಇದು ಸುರಕ್ಷಿತ ಅನ್ನಲು ಬೇಕಾದ ಮಾಹಿತಿ ಇಲ್ಲ ಅಂದರು. ಮಾಹಿತಿ ಇಲ್ಲದ ಪಟ್ಟಿಯಲ್ಲಿ ನರಮಂಡಲವೂ ಇತ್ತು. ಬ್ರಿಟನ್‌ನವರು 2020ರಲ್ಲಿ ದೊಡ್ಡವರಿಗೆ ದಿನಕ್ಕೆ 70 ಮಿಲಿಗ್ರಾಂವರೆಗೆ ಪರವಾಗಿಲ್ಲ ಅಂದಿದ್ದರು. 2023ರಲ್ಲಿ ಅದನ್ನು 10ಕ್ಕೆ ಇಳಿಸಿದರು. ಮೂರೇ ವರ್ಷದಲ್ಲಿ ಏಳರಲ್ಲಿ ಒಂದು ಪಾಲು.

ನಮ್ಮಲ್ಲಿ ಗೊಂದಲ ಇನ್ನೂ ಜಾಸ್ತಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾನೂನಿನಲ್ಲಿ ಗಾಂಜಾ ಅಂದರೆ ಹೂವು, ಕಾಯಿಯ ತುದಿ. ಬರೀ ಸೊಪ್ಪು, ಅಂದರೆ ಭಂಗಿ, ಆ ವ್ಯಾಖ್ಯೆಗೆ ಸೇರುವುದಿಲ್ಲ. ಆ ಸಂದಿಯಲ್ಲಿ ಆಯುರ್ವೇದದ ಲೈಸೆನ್ಸ್ ಹಿಡಿದು ಆ ಗಿಡದ ಸಂಸ್ಕೃತ ಹೆಸರು 'ವಿಜಯಾ' ಇಟ್ಟುಕೊಂಡು ಎಣ್ಣೆಗಳು ಬಂದಿವೆ. ವೀಡಿಯೊ ಕಾಲ್‌ನಲ್ಲಿ ಒಂದಿಷ್ಟು ಮಾತಾಡಿದರೆ ಚೀಟಿ, ಆಮೇಲೆ ಕೊರಿಯರ್. ಅತ್ತ 2021ರಲ್ಲಿ ನಮ್ಮ ಆಹಾರ ಸುರಕ್ಷತೆಯ ಸಂಸ್ಥೆ ಎಫ್‌ಎಸ್‌ಎಸ್‌ಎಐ, ಗಾಂಜಾ ಗಿಡದ್ದೇ ತಳಿಯಾದ ಹೆಂಪ್‌ನ ಬೀಜ, ಬೀಜದ ಎಣ್ಣೆಯನ್ನು ಆಹಾರ ಅಂತ ಒಪ್ಪಿದೆ. ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಬಾಟಲಿ ಮೇಲೆ ಅದೇ ಏಳೆಸಳಿನ ಎಲೆಯ ಚಿತ್ರ. ಯಾವುದು ಯಾವುದು ಅಂತ ಕೊಳ್ಳುವವರಿಗೆ ಹೇಗೆ ತಿಳಿಯಬೇಕು?

ಮೊನ್ನೆ ನಮ್ಮ ಮಹಡಿಯಲ್ಲೇ ಇರುವ ಹುಡುಗಿ ಅಂಥ ಒಂದು ಬಾಟಲಿ ಹಿಡಿದು ಬಂದಳು. ಐದು ತಿಂಗಳ ಬಸುರಿ. ರಾತ್ರಿಯೆಲ್ಲ ನಿದ್ದೆಯಿಲ್ಲ, ಸೊಂಟನೋವು. ಆಫೀಸಿನ ಗೆಳತಿ ಕೊಟ್ಟದ್ದಂತೆ. 'ಮಕ್ಕಳಿಗೇ ಕೊಡ್ತಾರಂತೆ ಅಕ್ಕಾ, ಅಮೆರಿಕದಲ್ಲಿ ಫಿಟ್ಸ್ ಬರೋ ಕೂಸುಗಳಿಗೆ. ಹಾಗಾದ್ರೆ ನಂಗೂ ಏನೂ ಆಗಲ್ಲ, ಅಲ್ವಾ?' ಅಂತ ಕೇಳಿದಳು. ಪರ ಬರೆದವರು ಯಾರಿಗಾಗಿ ಬರೆದರೋ, ಅವರ ಮಾತು ತಲುಪಿದ್ದು ಇವಳಿಗೆ. ಬಾಟಲಿ ತಿರುಗಿಸಿ ನೋಡಿದೆ. ಮುಂದೆ ದೊಡ್ಡದಾಗಿ ಎಲೆ, 'ನ್ಯಾಚುರಲ್' ಅನ್ನುವ ಮಾತು. ಹಿಂದೆ ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರಗಳು. ಕನ್ನಡಕ ಹಾಕಿದರೂ ಓದಲಾಗಲಿಲ್ಲ. ಅವಳೇ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದಳು. ಗರ್ಭಿಣಿಯರು ಬಳಸಬಾರದು ಅಂತ ಇತ್ತು.